ಶ್ರುತಿ ಇಳಿಸಿದ ಮೇಲೆ

೧೨ ಆಗಸ್ಟ್ ೧೯೯೭, ಮಂಗಳವಾರ

ಇವತ್ತೂ ಪ್ರಾಕ್ಟೀಸ್. ಮಿರಜ್‌ನಲ್ಲಿ ಕಿಶೋರನ ಅಪ್ಪನ ಬೆಲ್ಲದ ಗೋಡೌನ್. ಗಿಟಾರ್ ಕಿಶೋರ, ಡ್ರಮ್ಸ್ ತುಷಾರ, ಹಾಡುವುದು ನಾನು — ಬರೆಯುವುದೂ ನಾನೇ. ಬ್ಯಾಂಡಿನ ಹೆಸರು ಸಿಂಗಲ್ ಫೇಜ್. ಅಲ್ಲಿ ಬರುವ ಕರೆಂಟೇ ಅಷ್ಟು. ಆಂಪ್ಲಿಫೈಯರ್ ಹಚ್ಚಿದರೆ ಫ್ಯಾನ್ ಬಂದ್.

ಕೇಬಲ್ ಟಿವಿ ನೋಡಿ ಕಲಿತ ಇಂಗ್ಲಿಷ್ ಹಾಡುಗಳನ್ನು ಬಿಟ್ಟಿದ್ದೇವೆ. ಈಗ ನಮ್ಮವೇ. ನಾಲ್ಕು ಹಿಂದಿ, ಒಂದು ಮನೆಯಲ್ಲಿ ಆಡುವ ನಮ್ಮ ಕನ್ನಡದ್ದು. ಆ ಒಂದು ಕಿಶೋರನಿಗೆ ಬೇಡ.

“ಇದು ಯಾರಿಗಿ ತಿಳಿತೈತಿ ವೃಷಾಲಿ? ಪುಣೇದಾಗ ಒಬ್ರೂ ಕೇಳೂದಿಲ್ಲ.”

“ನಿನಗ ತಿಳೀತಲ್ಲ?” ಅಂದೆ. ಅನ್ನುವಾಗಲೇ ಗಂಟಲು ಒಡೆಯಿತು. ಹಲವು ದಿನಗಳಿಂದ ಹೀಗೇ. ಗೋಡೌನಿನ ಧೂಳಿರಬೇಕು… ಅಕ್ಟೋಬರಿನಲ್ಲಿ ಪುಣೆಯ ಕ್ಯಾಸೆಟ್ ಕಂಪನಿ ರೆಕಾರ್ಡಿಂಗಿಗೆ ಕರೆದಿದೆ. ಬಿಸಿನೀರು, ಉಪ್ಪು. ಸರಿಹೋಗುತ್ತದೆ.

೩ ಸೆಪ್ಟೆಂಬರ್

ಸರಿಹೋಗಲಿಲ್ಲ. ಮೇಲಿನ ಸ್ವರಕ್ಕೆ ಬರೀ ಗಾಳಿ ಬರುತ್ತದೆ. ಅಮ್ಮನ, ನಮ್ಮ ಆಯಿಯ, ಜೊತೆ ಮಿರಜ್‌ನ ಡಾಕ್ಟರ್ ಹತ್ತಿರ ಹೋದೆ. ಮೂಗಿನಿಂದ ನಳಿಕೆ ಬಿಟ್ಟು ನೋಡಿದರು. ಧ್ವನಿಯ ತಂತುಗಳ ಮೇಲೆ ಗಂಟು. ಆಪರೇಷನ್ ಮಾಡಬೇಕು. ಆಮೇಲೆ ಪಿಸುಮಾತೂ ಆಡುವಂತಿಲ್ಲ.

“ಮತ್ತ ಹಾಡ್ತಾಳೇನ್ರಿ?” ಆಯಿ ಕೇಳಿದಳು. ನಾನು ಕೇಳಲು ಹೆದರಿದ್ದ ಮಾತು.

“ಮಾತಾಡ್ತಾರ. ಹಾಡೂದು… ನೋಡೂಣು.”

ಸಾಂಗ್ಲಿಯ ಮನೆಗೆ ಬರುವವರೆಗೂ ಬಸ್ಸಿನಲ್ಲಿ ಆಯಿ ನನ್ನ ಕೈ ಬಿಡಲಿಲ್ಲ.

೨೧ ಸೆಪ್ಟೆಂಬರ್, ಮಧ್ಯಾಹ್ನ

ಆಪರೇಷನ್ ಆಯಿತು. ಬಾಯಿ ಬಂದ್. ಕೈಯಲ್ಲಿ ಪಾಟಿ, ಬಳಪ. ಮನೆಯವರಿಗೆ ಅದರ ಮೇಲೆ ಮರಾಠಿಯಲ್ಲಿ ಬರೆದು ತೋರಿಸುತ್ತೇನೆ. ಕನ್ನಡ ಈ ಡೈರಿಯಲ್ಲಿ ಮಾತ್ರ. ಲಿಂಗನೂರಿನ ಅಜ್ಜಿಯ ಹತ್ತಿರ ಇದ್ದು ಕನ್ನಡ ಅಕ್ಷರ ಕಲಿತವಳು ಮನೆಯಲ್ಲಿ ನಾನೊಬ್ಬಳೇ.

ಕಿಶೋರ ಬಂದಿದ್ದ. ಕೂರಲಿಲ್ಲ.

“ಕಂಪನಿಯವ್ರು ತಾರೀಖ ಮುಂದ ಹಾಕೂದಿಲ್ಲಂತ. ನಮ್ಮ ಕಾಕಾನ ಮಗಳು ದೀಪಾಲಿ ಹಾಡ್ತಾಳ. ಸಿಟ್ಟ ಆಗಬ್ಯಾಡ.”

ಬರೆದೆ: ಹಾಡುಗಳು ನನ್ನವು.

“ನಿನ್ನ ಹೆಸರ ಹಾಕಸ್ತೇನಿ. ಬರದಾಕಿ ಅಂತ.”

ಕೂಗಬೇಕೆನಿಸಿತು. ಕೂಗುವಂತಿಲ್ಲ. ಕೊನೆಗೆ ಹಿಂದಿಯ ನಾಲ್ಕೂ ಕೊಟ್ಟೆ. ಕನ್ನಡದ್ದು ಕೊಡುವುದಿಲ್ಲ ಎಂದು ಬರೆದೆ. ಅದು ಬೇಕೆಂದು ಅವನು ಕೇಳಿಯೇ ಇರಲಿಲ್ಲ!

ಬ್ಯಾಂಡ್ ನಡೆದಿರಲಿ. ವಾಸಿಯಾದ ಮೇಲೆ ಸೇರಿಕೊಳ್ಳುತ್ತೇನೆ.

೧೨ ಅಕ್ಟೋಬರ್, ರವಿವಾರ

ಇಚಲಕರಂಜಿಯವರು ನನ್ನನ್ನು ನೋಡಲು ಬಂದಿದ್ದರು. ಅಪ್ಪನ ಅರಿಶಿನ ವ್ಯಾಪಾರದ ಕಡೆಯಿಂದ ಬಂದ ಸಂಬಂಧ. ಹುಡುಗನಿಗೆ ಪವರ್‌ಲೂಮ್ ಇದೆ. ಅವರು ಬರುವ ಮೊದಲೇ ಅಪ್ಪ ಪಾಟಿಯನ್ನು ಒಳಗಿಟ್ಟುಬಿಟ್ಟಿದ್ದ. ಅವಲಕ್ಕಿ ಕೊಟ್ಟು ಕೂತೆ. ಏನು ಕೇಳಿದರೂ ತಲೆ ಆಡಿಸಿದೆ. ಹುಡುಗನ ತಾಯಿಗೆ ಖುಷಿಯೋ ಖುಷಿ.

“ಎಷ್ಟ ಶಾಂತ ಅದಾಳ್ರಿ! ಈಗಿನ ಹುಡುಗ್ಯಾರು ಬಾಯಿ ಮುಚ್ಚೂದ ಇಲ್ಲ.”

“ಮೊದಲಿಂದೂ ಹಂಗ ರೀ,” ಅಂದ ಅಪ್ಪ.

ನಗು ಬಂತು. ಮರುಕ್ಷಣ ಹೆದರಿಕೆ — ಸುಮ್ಮನೆ ಕೂತಿದ್ದರೆ ಇದು ಹೀಗೇ ಗಟ್ಟಿಯಾಗಿಬಿಡುತ್ತದೆ. ಎದ್ದು ಹೋಗಿ ಪಾಟಿ ತಂದೆ. ದೊಡ್ಡ ಅಕ್ಷರದಲ್ಲಿ ಬರೆದೆ: ಗಂಟಲ ಆಪರೇಷನ್ ಆಗಿದೆ. ನಾನು ಬ್ಯಾಂಡಿನಲ್ಲಿ ಹಾಡುವವಳು. ಮದುವೆಯಾದ ಮೇಲೂ ಹಾಡುತ್ತೇನೆ. ಜೋರಾಗಿ.

ಹುಡುಗ ಓದಿ ನಕ್ಕ. ಒಳ್ಳೆಯವನೇ ಇರಬೇಕು. ಅವನ ತಾಯಿ ತಟ್ಟೆ ಕೆಳಗಿಟ್ಟರು.

ಅವರು ಹೋದ ಮೇಲೆ ಅಪ್ಪ ನನ್ನ ಮುಖ ನೋಡಲಿಲ್ಲ. ಉಳಿದ ಅವಲಕ್ಕಿ ನನಗೆ ಬಡಿಸುತ್ತ ಆಯಿ, “ಅಪ್ಪಗ ಮೊದಲ ಹೇಳಬೇಕಿತ್ತವಾ,” ಅಂದಳು. ಹಾಡಬೇಡ ಅನ್ನಲಿಲ್ಲ.

೮ ಡಿಸೆಂಬರ್

ಡಾಕ್ಟರ್ ಒಪ್ಪಿದರು. ಹಾಡಿದೆ — ಬಚ್ಚಲಲ್ಲಿ, ಬಕೆಟ್ ತುಂಬುವ ಸದ್ದಿನ ಮರೆಯಲ್ಲಿ. ಹಳೆಯ ಧ್ವನಿ ಇಲ್ಲ. ದಪ್ಪ. ಒರಟು. ಮೇಲಿನ ಸ್ವರಗಳು ಹೋದವು, ಹೋದವೇ. ಬಕೆಟ್ ತುಂಬಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಲೂ ಕೈ ಬರಲಿಲ್ಲ.

ಸಂಜೆ ಮಿರಜ್‌ಗೆ ಹೋದೆ. ಗೋಡೌನಿಗೆ ಬೀಗ. ಹೊರಗೆ ತುಷಾರ ಸಿಕ್ಕ. ಅರ್ಧ ಕನ್ನಡ, ಅರ್ಧ ಮರಾಠಿ ಅವನದು. ಕಿಶೋರನೂ ದೀಪಾಲಿಯೂ ಮುಂಬೈಗೆ ಹೋಗಿದ್ದಾರಂತೆ. ಕ್ಯಾಸೆಟ್ ಬಂದಿದೆ. ನನ್ನ ಹೆಸರಿಲ್ಲ.

“ನೀ ಯಾಕ ಹೋಗಲಿಲ್ಲ?”

“ತಿಕಡೆ ಮುಂಬೈದಾಗ ಡ್ರಮ್ ಮಶೀನ್ ಐತಂತ. ನಾ ಕಶಾಲಾ, ಯಾಕ ಬೇಕು?”

ಇಬ್ಬರೂ ಬೀಗದ ಎದುರು ನಿಂತು ಚಹಾ ಕುಡಿದೆವು. ಅಳುವುದಿದ್ದರೆ ಅಲ್ಲೇ ಅಳಬೇಕಿತ್ತು. ಅದರ ಬದಲು, “ನಿಮ್ಮ ಮನಿ ಮಾಳಗಿ ಮ್ಯಾಲ ಜಾಗಾ ಐತೇನು?” ಅಂತ ಕೇಳಿದೆ.

೪ ಜನವರಿ ೧೯೯೮

ಕಸಬೆ ಡಿಗ್ರಜ ಹಳ್ಳಿ. ತುಷಾರನ ಮನೆಯ ಮಾಳಿಗೆ. ಸುತ್ತ ಕಬ್ಬು, ಬೈಯುವವರಿಲ್ಲ. ಸೆಕೆಂಡ್‌ಹ್ಯಾಂಡ್ ಗಿಟಾರ್ ತಂದು ನಾನೇ ಕಲಿಯುತ್ತಿದ್ದೇನೆ. ಬೆರಳ ತುದಿಗಳಲ್ಲಿ ಬೊಬ್ಬೆ. ಶ್ರುತಿ ಇಳಿಸಿದ್ದೇನೆ. ಹೋದ ಸ್ವರದ ಹಿಂದೆ ಓಡುವುದಿಲ್ಲ. ಇರುವುದರಲ್ಲೇ ಬರೆಯುತ್ತೇನೆ, ಎಲ್ಲ ಮನೆಯ ಕನ್ನಡದಲ್ಲಿ, ನಡುವೆ ಮರಾಠಿ ಬಂದರೆ ಬರಲಿ. ನಾವು ಮಾತಾಡುವುದೇ ಹಾಗೆ. ಇಚಲಕರಂಜಿಯವರ ಮೇಲೂ ಒಂದು ಹಾಡಾಯಿತು — ಅವಲಕ್ಕಿ ಹಾಡು.

೨೨ ಫೆಬ್ರವರಿ

ಸಾಂಗ್ಲಿಯಲ್ಲಿ ಕಾಲೇಜಿನ ವಾರ್ಷಿಕೋತ್ಸವ, ಗ್ಯಾದರಿಂಗ್. ಮೊದಲ ಶೋ. ದೀಪಾಲಿಯ ಕ್ಯಾಸೆಟ್ಟಿನ ಹಾಡು ಹಾಡಿರಿ ಎಂದು ಕೂಗಿದರು — ನಾನೇ ಬರೆದದ್ದು! ಹಾಡಲಿಲ್ಲ. ಗಂಡಸಿನ ಧ್ವನಿ ಅಂತ ಒಬ್ಬ ಸೀಟಿ ಹೊಡೆದ. ಎರಡನೇ ಹಾಡಿಗೆ ಹಿಂದಿನ ಬೆಂಚುಗಳು ಖಾಲಿ. ತುಷಾರ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.

ಅವಲಕ್ಕಿ ಹಾಡಿಗೆ ಮುಂದಿನ ಸಾಲಿನ ಹುಡುಗಿಯರು ನಕ್ಕರು, ಆಮೇಲೆ ಮತ್ತೊಮ್ಮೆ ಹಾಡಿಸಿದರು. ಮುಗಿದ ಮೇಲೆ ಒಬ್ಬಳು ಬಂದಳು, ಸೋನಲ ಅಂತೆ.

“ನಮ್ಮಜ್ಜಿ ಹಿಂಗ ಮಾತಾಡ್ತಾಳ. ಇದರಾಗ ಗಿಟಾರ್ ಹಾಡ ಆಗ್ತೈತಂತ ಗೊತ್ತ ಇರಲಿಲ್ಲ.”

ಇನ್ನು ಇದೇ.

೯ ಜುಲೈ ೧೯೯೯, ಪುಣೆ

ಬಹಳ ದಿನ ಬರೆದಿಲ್ಲ. ಹಾಡುವುದೇ ಆಯಿತು — ಕೊಲ್ಹಾಪುರ, ಬೆಳಗಾವಿ, ಸೊಲ್ಲಾಪುರ. ಬೆಳಗಾವಿಯಲ್ಲಿ ಕಿಶೋರ ಜನರ ಹಿಂದೆ ನಿಂತಿದ್ದ. ದೀಪಾಲಿಗೆ ಮುಂಬೈಯಲ್ಲಿ ಜಾಹೀರಾತಿನ ಹಾಡುಗಳು ಸಿಗುತ್ತಿವೆ, ಇವನಿಗೆ ಅಲ್ಲಿ ಕೆಲಸವಿಲ್ಲ.

“ತಪ್ಪಾತು. ಗಿಟಾರಿಗಿ ನಾ ಬೇಕೇನು?”

“ಬೇಕು. ಯಾವ ಹಾಡು ಅನ್ನೂದು ನಾ ಹೇಳ್ತೇನಿ.”

ಇವತ್ತು ನಮ್ಮ ಕ್ಯಾಸೆಟ್ಟಿನ ರೆಕಾರ್ಡಿಂಗ್. ಕಂಪನಿ ಸಣ್ಣದು. ಆಯಿ ಜೊತೆಗೆ ಹೋಗಬೇಕು ಎಂದು ಅಪ್ಪನ ಷರತ್ತು. ಧ್ವನಿ ಒರಟು, ಎಕೋ ಹಾಕಿ ಸಾಫ್ ಮಾಡಲೇ ಎಂದು ಎಂಜಿನಿಯರ್ ಕೇಳಿದ. ಬೇಡ ಅಂದೆ. ಇದು ಯಾವ ಭಾಷೆ ಎಂದು ಆಯಿಯನ್ನು ಕೇಳಿದ. ಮನೆಯದು, ಅಂದಳು.

ಒಂದು ಟೇಕ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಯಿಯ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆವು. ನನ್ನ ಹಾಡನ್ನು ಅವಳು ಪೂರ್ತಿ ಕೇಳಿದ್ದು ಇದೇ ಮೊದಲು. ಕಣ್ಣು ಮುಚ್ಚಿ ಕೇಳಿದಳು. ಏನನ್ನುತ್ತಾಳೋ ಎಂದು ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ.

“ನಡುವಿನ ಸಾಲ ತಿಳೀಲಿಲ್ಲ. ನುಂಗಿ ಬಿಟ್ಟಿ. ಇನ್ನೊಮ್ಮಿ ಹಾಡು.”

ಕಿಶೋರ ನಕ್ಕ. ನನಗೆ ಸಿಟ್ಟೇ ಬಂತು. ಆಮೇಲೆ ನಾನೂ ಕೇಳಿ ನೋಡಿದೆ… ನುಂಗಿದ್ದೇನೆ. ಧ್ವನಿ ಮತ್ತೆ ಒಡೆದೀತೆಂಬ ಭಯಕ್ಕೆ.

ಕರೆಯುತ್ತಿದ್ದಾರೆ. ಗಾಜಿನ ಆಚೆ ಆಯಿ ಕುರ್ಚಿ ಮುಂದೆ ಎಳೆದುಕೊಂಡಳು. ಈ ಸಲ ಆ ಸಾಲಿಗೆ ಮೊದಲೇ ಉಸಿರು ತೆಗೆದುಕೊಂಡು, ಬಾಯಿ ಪೂರ್ತಿ ತೆರೆದು —