ಪಡುವಣದ ಮರುಮಾತು

ಅಕ್ಟೋಬರ್ 31, ಮಧ್ಯಾಹ್ನ 3
ವೃದ್ಧಾಶ್ರಮದ ಅಡುಗೆಮನೆಯಿಂದ ನೇರ ತೋಪಿಗೆ. ಏಪ್ರನ್ ಬಿಚ್ಚುವುದೂ ಮರೆತಿತ್ತು. ಚಳಿಗಾಲಕ್ಕೆ ಬಾಗಿಲು ತೆರೆಯುವ ದಿನ. ಓಕ್ ಮರಗಳ ನಡುವೆ ನಾವು ನಾಲ್ವರು ಡ್ರೂಯಿಡರು, ಮರಗಳನ್ನು ಪೂಜಿಸುವ ಹಳೆಯ ಪಂಥದವರು, ದಿಕ್ಕಿಗೊಬ್ಬರು. ಮೂಡಣಕ್ಕೆ ಹೆಲೆದ್, ಎಪ್ಪತ್ತೆಂಟರ ಹಿರಿಯಳು. ತೆಂಕಣಕ್ಕೆ ಇಲ್ತುದ್, ರಿಟೈರ್ ಆದ ಪೋಸ್ಟ್‌ಮ್ಯಾನ್. ಬಡಗಣಕ್ಕೆ ನಾನು. ಪಡುವಣಕ್ಕೆ ಗಾರ್ಮನ್, ಕಲ್ಲುಗೋಡೆ ಕಟ್ಟುವವನು.

ಜಗಳವಾಯಿತು. ಗಾರ್ಮನ್ ಮುಳ್ಳಿನ ಹಾಥಾರ್ನ್ ಮರದ ಹಸಿ ಕೊಂಬೆ ಮುರಿದು ತಂದಿದ್ದ. ತಾನಾಗಿ ಬಿದ್ದದ್ದನ್ನಷ್ಟೇ ಆಯಬೇಕು, ಅದು ನಮ್ಮ ನೇಮ. ಎಲ್ಲರೆದುರೇ ಬೈದೆ.

"ಮರದ ನೋವೇ ಗೊತ್ತಾಗ್ದಿರೋನು ಇಲ್ಲಿ ಯಾಕ್ ನಿಂತ್ಕೋತೀಯ?"

"ಸರಿ ಮೈನಿರ್. ನಿಂತ್ಕೊಳಲ್ಲ."

ಹೊರಟೇ ಹೋದ. ಬೈದದ್ದು ಸರಿಯೇ. ಸರಿ ಅಂದುಕೊಂಡಿದ್ದೇನೆ.

ನವೆಂಬರ್ 9
ಗಾರ್ಮನ್ ವಾಸಿಸುವ ಕ್ಯಾರವಾನ್‌ಗೆ ಬೀಗ. ಚಳಿಗಾಲದಲ್ಲಿ ಸ್ಕಾಟ್ಲೆಂಡಿಗೆ ಗೋಡೆ ಕೆಲಸಕ್ಕೆ ಹೋಗುತ್ತಾನೆ, ಯಾರಿಗೂ ಹೇಳುವುದಿಲ್ಲ. "ಮಾರ್ಚ್‌ಗೆ ಗಡ್ಡ ಬಿಟ್ಕೊಂಡು ಬರ್ತಾನೆ ಬಿಡು" ಎಂದ ಇಲ್ತುದ್. ಬರಲಿ.

ಡಿಸೆಂಬರ್ 21
ವರ್ಷದ ಅತಿ ಚಿಕ್ಕ ಹಗಲು. ದಟ್ಟ ಮಂಜು. ಮೂವರೇ. ಹೆಲೆದ್ ಒಂದೊಂದೇ ದಿಕ್ಕನ್ನು ಕೇಳುತ್ತ ಬರುತ್ತಾಳೆ — ಶಾಂತಿ ಇದೆಯೇ? ಅಲ್ಲಿ ನಿಂತವರು "ಇದೆ" ಅನ್ನಬೇಕು. ಮೂಡಣ ಆಯಿತು, ತೆಂಕಣ ಆಯಿತು. ಪಡುವಣದಲ್ಲಿ ಯಾರೂ ಇಲ್ಲ. ಆದರೂ ಕೇಳಿದಳು.

"ಇಲ್ಲ."

ಗಂಡು ಧ್ವನಿ. ಮೆಲ್ಲಗೆ. ಮಂಜಿನೊಳಗಿಂದ... ಗಾರ್ಮನ್‌ನದೇ. ಹೆಲೆದ್‌ಳ ಕೈಯ ಬಟ್ಟಲಿನಿಂದ ಸೇಬಿನ ಸೈಡರ್ ತುಳುಕಿತು. ಅವರಿಬ್ಬರೂ ಪಡುವಣದ ಕಡೆ ನೋಡಲಿಲ್ಲ. ನನ್ನನ್ನು ನೋಡಿದರು. ಯಾಕೆ? ನೇಮ ಮುಗಿಸದೆಯೇ ಹಿಂತಿರುಗಿದೆವು.

ಫೆಬ್ರವರಿ 1
ಕುರಿಗಳು ಮರಿ ಹಾಕುತ್ತಿವೆ. ಹೊಸ ಹಾಲು ಒಯ್ದು ಓಕ್ ಬೇರಿಗೆ ಎರೆದೆವು. ಮತ್ತೆ ಪಡುವಣದ ಸರದಿ. ಮತ್ತೆ "ಇಲ್ಲ". ಈ ಸಲ ಎಷ್ಟು ಹತ್ತಿರ ಎಂದರೆ, ನನ್ನ ಕಿವಿಯೊಳಗೇ. ಇಲ್ತುದ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಒಂದು ತಮಾಷೆಯೂ ಇಲ್ಲ, ಮನೆ ಮುಟ್ಟುವವರೆಗೆ.

ಗಂಟಲು ಉರಿಯುತ್ತಿದೆ. ಕೂಗಿದವಳ ಹಾಗೆ.

ಫೆಬ್ರವರಿ 2
ಹೆಲೆದ್ ಬಂದಳು. ಕೋಲು ಒರಗಿಸಿ ಕುಳಿತಳು. ಚಹಾ ಮುಟ್ಟಲಿಲ್ಲ.

"ನಿಜ ಹೇಳೇ ಮೈನಿರ್. ನಮ್ಮನ್ನ ಹೆದರ್ಸೋಕೆ ಮಾಡ್ತಿದ್ದೀಯಾ?"

"ಏನನ್ನ?"

"ಆ 'ಇಲ್ಲ' ಅನ್ನೋದನ್ನ. ನಿನ್ ಬಾಯಿಂದಾನೇ ಬಂತಲ್ಲ, ಎರಡು ಸಲಾನೂ. ಧ್ವನಿ ಅವನ್ದು. ಬಾಯಿ ನಿನ್ದು."

ನಕ್ಕೆ. ಅವಳು ನಗಲಿಲ್ಲ.

ಹೋದಮೇಲೆ ಕನ್ನಡಿ ಮುಂದೆ ನಿಂತು "ಇಲ್ಲ" ಅಂದೆ. ನನ್ನದೇ ಧ್ವನಿ. ಹತ್ತು ಸಲ ಅಂದೆ. ನನ್ನದೇ.

ಫೆಬ್ರವರಿ 19
ಕೆಲಸದಲ್ಲಿ ತುಟಿ ಬಿಗಿಹಿಡಿದು ಬಡಿಸುತ್ತೇನೆ. ಸೂಪ್ ಬೇಕಾ ಎಂದು ಕೇಳಲೂ ಭಯ.

ಮಾರ್ಚ್ 20, ಬೆಳಗ್ಗೆ 8
ಹಗಲಿರುಳು ಸಮವಾದ ದಿನ. ಅವರು ಬರುವ ಮೊದಲೇ ಒಬ್ಬಳೇ ಹೋದೆ. ಗಾರ್ಮನ್ ನಿಲ್ಲುತ್ತಿದ್ದ ಪಡುವಣದ ಕಲ್ಲಿಗೆ ಬೆನ್ನು ಕೊಟ್ಟು, ಆ ಧ್ವನಿ ಬಂದ ದಿಕ್ಕಿಗೇ ನೇರ ನಡೆದೆ. ಬೇಲಿ, ಒಣ ಜರಿಗಿಡ, ಮುಳ್ಳು. ಕಾಲು ಮೈಲಿ. ಆಮೇಲೆ ಕೆಲಸ ನಿಲ್ಲಿಸಿ ಎಷ್ಟೋ ವರ್ಷವಾದ ಸ್ಲೇಟ್ ಕಲ್ಲಿನ ಕ್ವಾರಿ, ಆಳದ ಗುಂಡಿ. ಅಂಚಿನಿಂದ ಬಗ್ಗಿ ನೋಡಿದೆ.

ಕೆಳಗೆ ಗಾರ್ಮನ್‌ನ ನೀಲಿ ಜಾಕೆಟ್.

ಇನ್ನು ಬರೆಯಲಾರೆ.

ಮಾರ್ಚ್ 23
ಪೊಲೀಸರು ಹೇಳಿದರು: ಜಾರಿ ಬಿದ್ದಿದ್ದಾನೆ. ತೊಡೆಯ ಮೂಳೆ ಮುರಿದಿತ್ತು. ಒಂದೆರಡು ದಿನ ಜೀವ ಇದ್ದಿರಬಹುದು. ಪಕ್ಕದಲ್ಲಿ ಕೆಟ್ಟುಹೋದ ಫೋನು. ಬೆನ್ನಿನ ಚೀಲದ ತುಂಬ ಹಾಥಾರ್ನ್ ಕೊಂಬೆ. ಎಲ್ಲ ಒಣಗಿದ್ದವು. ಒಂದೂ ಮರದಿಂದ ಮುರಿದದ್ದಲ್ಲ. ಗಾಳಿಗೆ ಬಿದ್ದದ್ದನ್ನು ಆಯಲು ಹೋಗಿದ್ದ.

ಒಂದು ಮಾತನ್ನು ಈ ಡೈರಿಯಲ್ಲೂ ಬರೆಯದೆ ಬಿಟ್ಟಿದ್ದೆ. ನವೆಂಬರ್ 2, ಬೆಳಗ್ಗೆ ಹನ್ನೊಂದು. ಅವನ ಕರೆ. ಒಂದೇ ಸಲ. ಆ ಗುಂಡಿಯಲ್ಲಿ ಸಿಗ್ನಲ್ ಸಿಗುವುದೇ ಅಪರೂಪ — ಸಿಕ್ಕ ಒಂದು ಗಳಿಗೆಯಲ್ಲಿ ನನಗೆ ಮಾಡಿದ. ನನ್ನ ಅಡುಗೆಮನೆ ಅಲ್ಲಿಂದ ಹತ್ತು ನಿಮಿಷ. ಸ್ವಲ್ಪ ಕಾಯಲಿ ಅಂದುಕೊಂಡೆ. ಫೋನ್ ಬೋರಲು ಹಾಕಿ ಆಲೂಗಡ್ಡೆ ಸುಲಿದೆ.

ಮೇ 1
ಹಾಥಾರ್ನ್ ಹೂ ಬಿಟ್ಟಿದೆ, ಬೇಲಿಯುದ್ದಕ್ಕೂ ಬೆಳ್ಳಗೆ. ಪ್ರತಿ ಮೇ ಒಂದರಂದು ಹಾಕುವ ಬೆಂಕಿ ಹಾಕಲಿಲ್ಲ. "ಈ ಸಲ ದಿಕ್ಕು ಕೇಳೋದೇ ಬೇಡ" ಅಂದಳು ಹೆಲೆದ್. ಕೇಳಲಿಲ್ಲ. ಆದರೂ ಬ್ರೆಡ್ ಮುರಿದು ಹಂಚುವಷ್ಟು ಹೊತ್ತೂ ನನ್ನ ತುಟಿ ಅಲುಗುತ್ತಿತ್ತಂತೆ. ಇಲ್ತುದ್ ಹೇಳಿದ, ನೆಲ ನೋಡುತ್ತ.

ಜೂನ್ 21, ಮಧ್ಯಾಹ್ನ
ಅತಿ ಉದ್ದದ ಹಗಲು. ಗಾರ್ಮನ್‌ನ ಅಕ್ಕ ಶೋನೆದ್ ಬಾಂಗೋರ್ ಊರಿನಿಂದ ಅವನ ಬೂದಿ ತಂದಿದ್ದಳು. ಓಕ್ ಬೇರಿಗೆ ಹಾಕಿದೆವು. ತಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ತಾನು ನಿಲ್ಲುತ್ತೇನೆ ಅಂದಳು. ನೇಮ ಶುರುವಾಗುವ ಮೊದಲು ನನ್ನ ತೋಳು ಹಿಡಿದುಕೊಂಡಳು.

"ಅಷ್ಟು ಹೊತ್ತು ಬಿದ್ದಿದ್ನಲ್ಲ ಮೈನಿರ್, ನಂಗೊಂದು ಫೋನ್ ಮಾಡ್ಬಾರ್ದಿತ್ತಾ? ನನ್ಮೇಲೇ ಏನೋ ಕೋಪ ಇತ್ತು ಅನ್ಸತ್ತೆ. ದಿನಾ ಅದೇ ಯೋಚ್ನೆ."

ತೋಳು ಬಿಡಿಸಿಕೊಂಡು ಬಡಗಣಕ್ಕೆ ಹೋಗಿ ನಿಂತೆ.

"ಪಡುವಣದಲ್ಲಿ ಶಾಂತಿ ಇದೆಯೇ?" ಕೇಳಿದಳು ಹೆಲೆದ್.

ಶೋನೆದ್ ಅಳುತ್ತಿದ್ದಳು. ನನ್ನ ಗಂಟಲಲ್ಲಿ ಏನೋ ಏರಿಬಂತು — ತಣ್ಣಗೆ, ಒದ್ದೆ ಸ್ಲೇಟಿನ ರುಚಿ. ಹಲ್ಲು ಕಚ್ಚಿ ತಡೆದೆ. ಆಮೇಲೆ ನಾನಾಗಿಯೇ ಬಾಯಿ ತೆರೆದೆ.

"ಇಲ್ಲ. ಅವ್ನು ಫೋನ್ ಮಾಡಿದ್ದ ಶೋನೆದ್. ನಂಗೆ. ನಾನು ಎತ್ಲಿಲ್ಲ. ಬೇಕಂತ್ಲೇ ಎತ್ಲಿಲ್ಲ."

ನನ್ನದೇ ಧ್ವನಿ.

ಶೋನೆದ್ ಅಳು ನಿಲ್ಲಿಸಿದಳು. ನನ್ನ ಕಡೆಗೆ ನಡೆದು ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ. ಮುಖಕ್ಕೆ ಮುಖ ತಂದು ಬಾಯಿ ತೆರೆದಳು. ಬಂದದ್ದು ಗಾರ್ಮನ್‌ನ ಧ್ವನಿ.

"ಮೈನಿರ್, ಈಗ ಕೇಳಿಸ್ತಿದ್ಯಾ?"

ಕೇಳಿಸ್ತಿದೆ ಅಂದೆ. ಹೆಲೆದ್ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಅವನು ಶೋನೆದ್‌ಳ ಬಾಯಿಂದಲೇ ಅಂದ: "ಇದೆ."