ಆಯುಧಪೂಜೆಗೆ ಬಲಿಯಾದ ಹಿಕ್ಕೆ

ವನ್ಯಜೀವಿ ಮಾದರಿಗಳಿಗೆ ಪರವಾನಗಿ ನೀಡುವ ಮಾನ್ಯ ಅಧಿಕಾರಿಗಳೇ,

ಹೋದ ವಾರ ನಿಮ್ಮ ಕಚೇರಿಯ ಫ್ರೀಜರ್‌ಗೆ ನಡೆದ ಆಯುಧಪೂಜೆ ಬಹಳ ಚೆನ್ನಾಗಿತ್ತು. ಬಾಗಿಲಿಗೆ ಮೂರೆಳೆ ವಿಭೂತಿ, ಸೇವಂತಿಗೆ ಹಾರ, ಮುಂದೆ ಒಡೆದ ಬೂದುಗುಂಬಳ. ಒಳಗಿದ್ದ ರಣಹದ್ದಿನ ಹಿಕ್ಕೆಯ ನಲವತ್ತೊಂದು ಸೀಸೆಗಳು ಮಾತ್ರ ಅಷ್ಟು ಹೊತ್ತಿಗೆ ಕಸದ ಲಾರಿ ಹತ್ತಿದ್ದವು.

ನಿಮ್ಮ ಗುಮಾಸ್ತ ಪದ್ಮನಾಭ ಅವರನ್ನು ಕೇಳಿದೆ. "ಹಬ್ಬದ ದಿನ ಹಿಕ್ಕೆ ಇಟ್ಕೊಂಡು ಪೂಜೆ ಮಾಡೋಕಾಗತ್ತಾ ಮೇಡಂ? ಸಾಹೇಬ್ರೇ ಎಸೀರಿ ಅಂದ್ರು" ಎಂದರು. ನಿಮ್ಮ ಮಡಿವಂತಿಕೆಗೆ ಶರಣು. ಆದರೆ ಆ ಸೀಸೆಗಳು ನಿಮ್ಮಲ್ಲಿ ಏಕಿದ್ದವು? ಪರವಾನಗಿ ಸಿಗುವವರೆಗೆ ಮಾದರಿಗಳು ಕಚೇರಿಯಲ್ಲೇ ಇರತಕ್ಕದ್ದು ಎಂದು ಅಪ್ಪಣೆ ಕೊಡಿಸಿದವರು ನೀವೇ. ಐದು ತಿಂಗಳಾದರೂ ಸಹಿ ಹಾಕದವರೂ ನೀವೇ. ಕಾರಣ ಕೇಳಿದರೆ, ‘ಕರುಳಿನ ಪರೀಕ್ಷೆ ಎಂದಿದ್ದೀರಿ, ಹಕ್ಕಿಯ ಮರಣೋತ್ತರ ವರದಿ ಲಗತ್ತಿಸಿಲ್ಲ’ ಎಂದು ಕಡತದಲ್ಲಿ ಬರೆದಿರಿ. ಸ್ವಾಮಿ, ಹಕ್ಕಿ ಸಾಯಬಾರದೆಂದೇ ಅಲ್ಲವೇ ಈ ಪರೀಕ್ಷೆ? ಕರುಳಿನ ಸೂಕ್ಷ್ಮಜೀವಿಗಳು ಹಿಕ್ಕೆಯೊಡನೆ ಹೊರಬರುತ್ತವೆ. ಅವುಗಳ ಡಿಎನ್‌ಎ ಓದಿದರೆ, ಹಕ್ಕಿಯನ್ನು ಮುಟ್ಟದೆಯೇ ಅದರ ಆರೋಗ್ಯ ಕೆಡುತ್ತಿರುವ ಸುಳಿವು ಸಿಗಬಹುದು. ಇದನ್ನು ನಿಮಗೆ ಮೂರು ಸಲ ಬರೆದು ಕೊಟ್ಟಿದ್ದೇನೆ, ಒಂದು ಸಲ ಚಿತ್ರ ಬಿಡಿಸಿ.

ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನಾನು ಬೇಸಿಗೆಯ ಪ್ರತಿ ಭಾನುವಾರ ಉಲ್ಲಾಳದಿಂದ ಪಕ್ಕದ ಕೆಂಗೇರಿಗೆ ಒಂದು ಬಸ್ಸು, ಅಲ್ಲಿಂದ ಮೈಸೂರು ರಸ್ತೆಯ ಇನ್ನೊಂದು ಬಸ್ಸು ಹಿಡಿದು ಈ ರಣಹದ್ದುಗಳಿರುವ ಬೆಟ್ಟಕ್ಕೆ ಹೋಗಿದ್ದೇನೆ. ಅಲ್ಲಿನ ಕಾವಲುಗಾರ ದೊಡ್ಡಹನುಮಯ್ಯ ಮಂಡಿನೋವಿನಲ್ಲೂ ನನಗಿಂತ ಮುಂದೆ ಬಂಡೆ ಹತ್ತಿ, ಹಸಿ ಹಿಕ್ಕೆ ಎಲ್ಲಿದೆಯೆಂದು ಕೂಗಿ ಹೇಳುತ್ತಿದ್ದರು. ಒಂಬತ್ತು ಹಕ್ಕಿಗಳಲ್ಲಿ ಈಗ ಎರಡು ಕತ್ತು ಜೋತುಬಿಟ್ಟು ಕೂತಿವೆ. ಏನು ಕೆಟ್ಟಿತೆಂದು ತಿಳಿಯಲು ಅವು ಗಟ್ಟಿಯಾಗಿದ್ದಾಗಿನ ಹಿಕ್ಕೆ ಬೇಕು. ಅದನ್ನೇ ನೀವು ಎಸೆಸಿದ್ದು.

ಅದಕ್ಕೆ ನಿಮ್ಮ ಉತ್ತರ: ‘ಸದರಿ ಮಾದರಿಗಳನ್ನು ಮರುಸಂಗ್ರಹಿಸಿ ಸಲ್ಲಿಸತಕ್ಕದ್ದು.’ ಹೋದ ಬೇಸಿಗೆಯ ಹಿಕ್ಕೆಯನ್ನು ಹಕ್ಕಿ ಈಗ ಹಾಕುತ್ತದೆಯೇ? ನಿಮ್ಮಿಂದಾದರೂ ಆಗುತ್ತದೆಯೇ?

ಪರವಾನಗಿಗೆ ಇವತ್ತೇ ಸಹಿ ಹಾಕಿ. ಈಗಿನ ಹಿಕ್ಕೆಯನ್ನಾದರೂ ನೇರವಾಗಿ ಲ್ಯಾಬಿಗೆ ಒಯ್ಯುತ್ತೇನೆ. ಆಮೇಲೆ ಈ ಭಾನುವಾರ ನನ್ನ ಜೊತೆ ಬೆಟ್ಟ ಹತ್ತಿ. "ರಿಸಲ್ಟ್ ಬಂತಾ ಮೇಡಮ್ನೋರೇ? ಏನ್ ಔಸ್ತಿ ಕೊಡ್ಬೋದಂತೆ?" ಎಂದು ದೊಡ್ಡಹನುಮಯ್ಯ ಹೋದಾಗಲೆಲ್ಲ ಕೇಳುತ್ತಾರೆ. ಆ ಎರಡು ಹಕ್ಕಿಗಳ ಎದುರಿಗೇ ನಿಂತು ಅವರಿಗೆ ಉತ್ತರ ಹೇಳಿ.

ಇಂತಿ,
ನಿಮ್ಮ ಕಚೇರಿಯಲ್ಲಿ ‘ಹಿಕ್ಕೆ ಮೇಡಂ’ ಎಂದೇ ಹೆಸರಾಗಿರುವ
ಗುರುದೇವಿ
ಉಲ್ಲಾಳ, ಅಕ್ಟೋಬರ್ 2008