ಸಾಲಿನ ಎಡತುದಿ

ರಾಯಚೂರು
೧೨ ಡಿಸೆಂಬರ್ ೨೦೨೪

ಹಾಲೇಶ ಅವರಿಗೆ,

ಯಶೋದಾಳ ನಮಸ್ಕಾರ. ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಇವತ್ತು ಬರೆಯಬೇಕಾಯಿತು.

ನಿನ್ನೆ ನೀವು ಬಾಲಮ್ಮನವರಿಗೆ ಫೋನ್ ಮಾಡಿ, ಕ್ರಿಸ್‌ಮಸ್ ದಿನ ಬರುತ್ತೇನೆ, ಅವಳು ಬಟ್ಟೆ ಕಟ್ಟಿಕೊಂಡು ತಯಾರಿರಲಿ ಅಂದಿರಂತೆ. ಜಾತಿ ಕೆಟ್ಟು ಹಾಡುತ್ತಾ ತಿರುಗುತ್ತಿದ್ದಾಳೆ ಎಂದೂ ಅಂದಿರಂತೆ. ಇದಕ್ಕೆ ಫೋನಿನಲ್ಲಿ ಉತ್ತರ ಹೇಳುವ ಧೈರ್ಯ ನನಗಿಲ್ಲ. ನಿಮ್ಮ ದನಿ ಕೇಳಿದರೆ ನನ್ನದು ನಿಂತುಬಿಡುತ್ತದೆ.

ದೇವದುರ್ಗದ ನಿಮ್ಮ ಮನೆ ಬಿಟ್ಟು ಬಂದವಳಿಗೆ ಇಲ್ಲಿ ಚರ್ಚಿನ ಹಿಂದಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಬಾಲಮ್ಮನವರು ಹಾಸ್ಟೆಲಿನ ವಾರ್ಡನ್, ಚರ್ಚಿನ ಹಾಡಿನ ಗುಂಪಿಗೂ ಅವರೇ ಗುರು. ರೊಟ್ಟಿ ಬಡಿಯುತ್ತಾ ನಾನು ಗುನುಗುವುದನ್ನು ಕೇಳಿ ಒಂದು ದಿನ ಕೈ ಹಿಡಿದು ಚರ್ಚಿನ ಹಾಲಿಗೆ ಕರೆದೊಯ್ದರು. ನಾವು ಕುರುಬರು, ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿಕೊಳ್ಳುವವರು ಅಂದೆ. "ನಿನ್ನ ದೇವ್ರು ನಿನ್ನ ಹಂತ್ಯಾಕ ಇರ್ಲಿ ಯವ್ವಾ. ದನಿ ಅಷ್ಟು ನಮಗ ಕೊಡು" ಅಂದರು. ನನ್ನ ಹಣೆಯ ಭಂಡಾರ ಇವತ್ತಿಗೂ ಹಾಗೇ ಇದೆ. ಯಾರೂ ಅಳಿಸೆಂದು ಹೇಳಿಲ್ಲ.

ಗುಂಪಿನಲ್ಲಿ ಹಾಡುವುದೆಂದರೆ ಎಲ್ಲರೂ ಒಂದೇ ರಾಗ ಎಳೆಯುವುದು ಅಂದುಕೊಂಡಿದ್ದೆ. ಹಾಗಲ್ಲ. ಕೆಲವರದು ಮೇಲಿನ ದನಿ, ಕೆಲವರದು ಕೆಳಗಿನದು, ಗಂಡಸರದು ಬೇರೆಯೇ. ಒಂದೊಂದು ಸಾಲೂ ತನ್ನ ದಾರಿಯಲ್ಲಿ ಹೋಗಿ ಕೊನೆಗೆ ಒಂದೇ ಕಡೆ ಸೇರಬೇಕು. ನನ್ನದು ಕೆಳಗಿನ ದನಿ. "ನಿನ್ನ ದನಿಗಿಂತ ಬಾಜೂದಾಕಿ ದನಿ ನಿನಗ ಜಾಸ್ತಿ ಕೇಳಬೇಕು" ಎಂದು ಬಾಲಮ್ಮನವರು ಹೇಳುತ್ತಿದ್ದರು. ನಾನು ಮಾತ್ರ ಒಮ್ಮೆ ಸರಿಯಾಗಿ ಹಾಡಿದರೆ ಮರುದಿನ ಪೂರ್ತಿ ಹಾದಿ ತಪ್ಪುತ್ತಿದ್ದೆ. ಅವರು ಬೈಯಲಿಲ್ಲ, ನೋಡುತ್ತಲೇ ಇದ್ದರು. ಆಮೇಲೆ ನನ್ನನ್ನು ಸಾಲಿನ ಎಡತುದಿಗೆ ನಿಲ್ಲಿಸಿದರು. ಬಲಕ್ಕೆ ಭಾಗ್ಯಜ್ಯೋತಿ ಎಂಬ ನರ್ಸಮ್ಮ. ಎಡಕ್ಕೆ ಯಾರೂ ಇಲ್ಲ. ಆವತ್ತಿನಿಂದ ತಪ್ಪಲಿಲ್ಲ. ಎಲ್ಲರ ದನಿಯೂ ಬಲಗಡೆಯಿಂದಲೇ ಬರತೊಡಗಿತು.

ನನ್ನ ಎಡಗಿವಿ ಕೇಳುವುದಿಲ್ಲ. ಇದು ನಿಮಗೆ ಗೊತ್ತಿರಲಿಲ್ಲ.

ಆ ಕಾರಹುಣ್ಣಿಮೆಯ ಸಂಜೆ ನೀವು ಹೊಡೆದಾಗ ಕಿವಿಯೊಳಗೆ ಏನೋ ಹರಿದಂತಾಯಿತು. ರಾತ್ರಿ ದಿಂಬು ಒದ್ದೆಯಾಗಿತ್ತು. ಹೇಳಿದರೆ ಅದನ್ನೂ ನಾಟಕ ಅನ್ನುತ್ತೀರೆಂದು ಹೆದರಿ ಸುಮ್ಮನಿದ್ದೆ. ಅದಾದ ಮೇಲೆ ನೀವು ಅಂಗಳದಿಂದ ಕರೆದರೆ ನನಗೆ ತಿಳಿಯುತ್ತಿರಲಿಲ್ಲ. ಓ ಅನ್ನದಿದ್ದರೆ ಸೊಕ್ಕು ಎಂದು ಮತ್ತೆ ಹೊಡೆಯುತ್ತಿದ್ದಿರಿ. ಕೇಳದ್ದಕ್ಕೆ ಹೊಡೆತ, ಹೊಡೆತಕ್ಕೇ ಕೇಳದ್ದು. ಇದನ್ನು ನಿಮಗೆ ಹೇಳದೆ ಮನೆ ಬಿಟ್ಟೆ.

ಕಳೆದ ಭಾನುವಾರ ಮಾನ್ವಿಯಲ್ಲಿ ಸುತ್ತಲಿನ ಚರ್ಚುಗಳ ಕೂಟವಿತ್ತು. ದೇವದುರ್ಗದವರೂ ಬರುತ್ತಾರೆಂದು ಗೊತ್ತಾಗಿ ನಾನು ಬರುವುದಿಲ್ಲ ಅಂದಿದ್ದೆ. ಕೆಳಗಿನ ದನಿಯವರಲ್ಲಿ ಒಬ್ಬಾಕೆ ಬಾಣಂತಿ, ಇನ್ನೊಬ್ಬಾಕೆಗೆ ಗಂಟಲು ಕಟ್ಟಿತ್ತು. ನಾನೂ ಹೋಗದಿದ್ದರೆ ಭಾಗ್ಯಜ್ಯೋತಿ ಒಬ್ಬಳೇ ಆಗುತ್ತಿದ್ದಳು. ಹೋದೆ. ಬಸ್ಸಿನಲ್ಲಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದೆ.

ದೇವದುರ್ಗದವರಲ್ಲಿ ಯಾರು ನಿಮಗೆ ಸುದ್ದಿ ಕೊಟ್ಟರೋ, ನೀವು ಎಡಗಡೆ ಬಾಗಿಲಿನಿಂದ ಬಂದಿರಿ. ನನಗೆ ಸದ್ದೇ ಕೇಳಿಸಲಿಲ್ಲ. ಮೊದಲ ಚರಣದ ನಡುವೆ ಕಣ್ಣೆತ್ತಿದರೆ ಗೋಡೆಗೆ ಒರಗಿ, ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ನಿಂತಿದ್ದಿರಿ. ಬಾಯಿ ತೆರೆದೇ ಇತ್ತು, ದನಿ ಹೋಯಿತು. ಓಡಬೇಕೆಂದರೆ ನೀವು ನಿಂತಿದ್ದೇ ಬಾಗಿಲ ಬಳಿ. ಭಾಗ್ಯಜ್ಯೋತಿ ಏನು ಕಂಡಳೋ, ಹಾಡುತ್ತಲೇ ನನ್ನ ಕಡೆ ಸರಿದಳು. ಅವಳ ಭುಜ ನನ್ನ ಭುಜಕ್ಕೆ ತಾಗಿತು. ನನ್ನ ಸಾಲನ್ನು ನನ್ನ ಬಲಗಿವಿಗೇ ಹಾಡಿದಳು. ಎರಡನೇ ಚರಣ ಮುಗಿಯುವ ಹೊತ್ತಿಗೆ ನನ್ನ ದನಿ ತಿರುಗಿ ಬಂತು. ನಡುಗುತ್ತಿತ್ತು. ನಾಲ್ಕಾರು ದನಿಗಳ ನಡುವೆ ಆ ನಡುಕ ಯಾರಿಗೂ ತಿಳಿಯಲಿಲ್ಲ. ನಿಮಗೂ ತಿಳಿದಿರಲಿಕ್ಕಿಲ್ಲ.

ಆಮೇಲೆ ಅಂಗಳದಲ್ಲಿ ನಡೆದದ್ದು ನಿಮಗೆ ಗೊತ್ತಿದೆ. ನನಗೆ ಗೊತ್ತಿರುವಂತೆ ಬರೆಯುತ್ತೇನೆ. ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ. ನೀವು ಹಿಂದಿನಿಂದ, ಎಡಗಡೆಯಿಂದಲೇ, ಕರೆದಿರಂತೆ. ನಾನು ತಿರುಗಲಿಲ್ಲ. ಎದುರಿಗಿದ್ದವರ ಮುಖ ಬದಲಾದದ್ದು ನೋಡಿ ತಿರುಗಿದರೆ ನಿಮ್ಮ ಕೈ ಮೇಲೆದ್ದಿತ್ತು. "ಎಷ್ಟ್ ಸಲ ಕರೀಬೇಕಲೇ ನಿನ್ನ? ಸೊಕ್ಕು ಇನ್ನಾ ಇಳದಿಲ್ಲ?" ಅಂದಿರಿ. ಕಪ್ಪು ಕೈಯಿಂದ ಜಾರಿತು.

ಭಾಗ್ಯಜ್ಯೋತಿ ಅಂದಳು, "ಅಣ್ಣಾರ, ಆ ಕಡಿಯಿಂದ ಕರದ್ರ ಆಕಿಗಿ ಕೇಳಂಗಿಲ್ಲರೀ. ಆ ಕಿವಿ ಹೋಗೇದ. ನಿಮಗ ಗೊತ್ತಿಲ್ಲೇನ್ರಿ?"

ಪಾಪ, ಅವಳಿಗೆ ಕಾರಣ ಗೊತ್ತಿರಲಿಲ್ಲ. ನಿಮ್ಮನ್ನು ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ನಿಮ್ಮ ಕೈ ಅಲ್ಲೇ ನಿಂತಿತು. ನೀವು ನನ್ನ ಕಿವಿ ನೋಡಿದಿರಿ, ಆಮೇಲೆ ನಿಮ್ಮ ಅಂಗೈ ನೋಡಿಕೊಂಡಿರಿ. ಬೈಕಿನ ಕಡೆ ನಡೆದಿರಿ. ಪಶ್ಚಾತ್ತಾಪ ಇರಬಹುದು ಎಂದು ಆ ರಾತ್ರಿ ಅಂದುಕೊಂಡೆ. ನಿನ್ನೆಯ ಫೋನು ಬಂದ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ.

ನನಗೆ ಈಗ ತುಂಬಾ ಭಯ. ಒಂದೇ ಕಿವಿ ಇದ್ದವರಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ರಸ್ತೆಯಲ್ಲಿ ಯಾವ ಬೈಕು ಬಂದರೂ ಅದು ನಾಲ್ಕೂ ಕಡೆಯಿಂದ ಬಂದಂತೆ ಆಗುತ್ತದೆ. ತರಕಾರಿ ತರಲು ಹೋದವಳು ನಿನ್ನೆ ಅರ್ಧ ದಾರಿಯಿಂದ ಓಡಿ ಬಂದೆ. ಬಂದದ್ದು ಹಾಲಿನವನ ಗಾಡಿ.

ಈ ಸಲ ಕ್ರಿಸ್‌ಮಸ್‌ಗೆ ಹಾಡುವುದು ಬೇಡ, ಒಳಗೇ ಇರು ಎಂದು ಬಾಲಮ್ಮನವರೇ ಅಂದರು. ರಾತ್ರಿಯೆಲ್ಲ ಯೋಚಿಸಿದೆ. ಒಳಗಿದ್ದರೂ ಇಷ್ಟೇ ಭಯ, ಹಾಡಿದರೂ ಇಷ್ಟೇ ಭಯ. ಹಾಡುವಾಗಲಾದರೂ ಬಲಗಡೆ ಜನ ಇರುತ್ತಾರೆ. ಹಾಡುತ್ತೇನೆ ಅಂದೆ.

ನಾನು ನಿಮ್ಮ ಮನೆಗೆ ಬರುವುದಿಲ್ಲ. ಬಟ್ಟೆ ಕಟ್ಟುವುದಿಲ್ಲ. ನೀವು ಬಂದರೆ ನನ್ನ ದನಿ ಹೋಗಬಹುದು. ಆದರೂ ಬರುವುದಿಲ್ಲ.

ಇಷ್ಟನ್ನು ಯಾರ ಸಹಾಯವೂ ಇಲ್ಲದೆ ಬರೆದವಳು,
ಯಶೋದಾ

ತಾ.ಕ.: ಜ್ವರ ಬಂದು ಕಿವಿ ಹೋಯಿತೆಂದು ಇಲ್ಲಿಯವರಿಗೂ ತವರೂರು ಕುರ್ಡಿಯಲ್ಲಿ ಅಪ್ಪನಿಗೂ ಸುಳ್ಳು ಹೇಳಿದ್ದೆ. ಮಾನ್ವಿಯಿಂದ ಬಂದ ಮೇಲೆ ಎಲ್ಲರಿಗೂ ನಿಜ ಹೇಳಿದ್ದೇನೆ, ಬಾಲಮ್ಮನವರ ಜೊತೆ ಹೋಗಿ ಪೊಲೀಸರಿಗೂ. ಹಿಂದೆ ಎರಡು ಸಲ ನನ್ನನ್ನು ಬುದ್ಧಿ ಹೇಳಿ ನಿಮ್ಮ ಮನೆಗೆ ತಿರುಗಿ ಕಳಿಸಿದ ಅದೇ ಅಪ್ಪ ಇವತ್ತು ಬೆಳಿಗ್ಗೆ ಕುರಿಗಳನ್ನು ನನ್ನ ತಮ್ಮನಿಗೆ ಒಪ್ಪಿಸಿ ಬಂದಿದ್ದಾನೆ. ಹಾಸ್ಟೆಲಿನ ಗೇಟಿನ ಬಳಿ ಕಂಬಳಿ ಹಾಸಿಕೊಂಡು ಕೂತಿದ್ದಾನೆ. ನನ್ನ ಮುಖ ನೋಡಿ ಮಾತಾಡಲು ಅವನಿಗೆ ಇನ್ನೂ ಆಗಿಲ್ಲ. ಕ್ರಿಸ್‌ಮಸ್ ಮುಗಿಯುವ ತನಕ ಏಳುವುದಿಲ್ಲವಂತೆ.